ಶ್ರಾವಣ ಸೋಮವಾರದ ರಕ್ತ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಕೆಲವರು ನನ್ನನ್ನು ಈಗಲೂ ‘ರಕ್ತದಕ್ಕ’ ಎನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಎರಡು ವರ್ಷ ನಾನು ಹೆಗಲಿಗೆ ಐಸ್ ಡಬ್ಬಿ ಹಾಕಿಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳನ್ನು ಸುತ್ತಿ ಜನರ ತೋಳಿನಿಂದ ರಕ್ತ ತೆಗೆದಿದ್ದೇನೆ. ಅದಕ್ಕೂ ಮುಂಚೆ ಹತ್ತು ವರ್ಷ ಒಂದು ಲ್ಯಾಬಿನಲ್ಲಿ ಇದೇ ಕೆಲಸ. ನನಗೆ ನರ ಸಿಗದ ತೋಳೇ ಇಲ್ಲ ಎಂದು ಜಂಬ ಕೊಚ್ಚಿಕೊಳ್ಳುವ ಅಭ್ಯಾಸವೂ ಇತ್ತು. ಸೂಜಿಗೆ, ರಕ್ತಕ್ಕೆ, ಕಿರುಚುವ ಮಕ್ಕಳಿಗೆ ನಾನು ಹೆದರಿದವಳಲ್ಲ. ಸಕ್ಕರೆ ಕಾಯಿಲೆ ಎಂಬ ಮಾತು ಕಿವಿಗೆ ಬಿದ್ದರೆ ಮಾತ್ರ ಕೈ ತಣ್ಣಗಾಗುತ್ತದೆ.

ನನ್ನ ಅವ್ವ ಅದರಿಂದಲೇ ಹೋದಳು. ಕಡ್ಡಿಯಂಥ ಹೆಂಗಸು. ಆ ರೋಗ ಮೈತುಂಬಿಕೊಂಡವರಿಗೆ, ಕೂತು ಉಣ್ಣುವವರಿಗೆ ಬರುವಂಥದ್ದು ಎಂದು ಆಗ ಎಲ್ಲರೂ ನಂಬಿದ್ದರು. ದಿನವಿಡೀ ದುಡಿಯುವ ಅವ್ವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳಿಗೆ ಗಾಯವಾಯಿತು. ಅರಿಶಿನ ಹಚ್ಚಿದೆವು. ತಿಂಗಳೊಪ್ಪತ್ತಿನಲ್ಲಿ ಬೆರಳು ಕಪ್ಪಾಯಿತು. ಬಳ್ಳಾರಿಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ. ನಾನು ಆಗ ಏಳು ತಿಂಗಳ ಬಸುರಿ. ಬ್ಯಾಂಡೇಜು ಬಿಚ್ಚಿ ಕಟ್ಟುವಾಗ ಬರುತ್ತಿದ್ದ ವಾಸನೆ ಇವತ್ತಿಗೂ ಒಮ್ಮೊಮ್ಮೆ ಖಾಲಿ ಕೋಣೆಯಲ್ಲಿ ಬರುತ್ತದೆ. ಎದ್ದು ಕಿಟಕಿ ತೆಗೆಯುತ್ತೇನೆ.

ಅವ್ವ ತೀರಿಕೊಂಡ ಹದಿನೈದು ದಿನಕ್ಕೆ ನನ್ನ ಮಗಳು ಹುಟ್ಟಿದಳು. ಓಣಿಯ ಹೆಂಗಸರು ಸಾಲಾಗಿ ಬಂದು ಕೂಸಿನ ಮುಖ ನೋಡಿ, “ನಿಮ್ಮವ್ವನೇ ಬಂದಾಳ ಬಿಡು” ಎಂದರು. ಬೆಳೆಯುತ್ತ ಬೆಳೆಯುತ್ತ ಅದೇ ಉದ್ದ ಬೆರಳು, ಅದೇ ಸಣ್ಣ ಮಣಿಕಟ್ಟು, ಎಷ್ಟು ತಿಂದರೂ ಮೈಗೆ ಹತ್ತದ ಅದೇ ದೇಹ. ಅವರು ಸಂತೋಷಕ್ಕೆ ಹೇಳಿದ ಮಾತು. ನಾನು ಪ್ರತಿ ಸಲ ನಕ್ಕು, ಒಳಗೆ ಹೋಗಿ ಮಗುವಿನ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದೆ.

ಸಂಶೋಧನೆಯ ಕೆಲಸಕ್ಕೆ ಸೇರಿದ್ದೂ ಆ ಹೆದರಿಕೆಯಿಂದಲೇ ಇರಬೇಕು. ತೆಳ್ಳಗಿರುವವರಿಗೂ ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ, ಅದರ ಗುರುತು ವಂಶವಾಹಿಗಳಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವ ಯೋಜನೆ ಅದು. ಹಗರಿಬೊಮ್ಮನಹಳ್ಳಿಯಲ್ಲಿ ಎರಡು ದಿನ ತರಬೇತಿ ಕೊಟ್ಟರು. ಬೆಂಗಳೂರಿನಿಂದ ಬಂದಿದ್ದ ವಿಜ್ಞಾನಿ ಮೇಡಂ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬೋರ್ಡಿನ ಮೇಲೆ ಎರಡು ಬುಟ್ಟಿಗಳ ಚಿತ್ರ ಬರೆದರು. ಒಂದರಲ್ಲಿ ಕಾಯಿಲೆ ಇರುವವರ ರಕ್ತ, ಇನ್ನೊಂದರಲ್ಲಿ ಇಲ್ಲದವರದು.

“ಪ್ರತಿಯೊಬ್ಬರ ಒಳಗೂ ಮುನ್ನೂರು ಕೋಟಿ ಅಕ್ಷರಗಳ ಒಂದು ಬರಹ ಇದೆ ಅಂದ್ಕೊಳ್ಳಿ,” ಎಂದರು. “ನಿಮ್ಮದೂ ನನ್ನದೂ ಹೆಚ್ಚುಕಡಿಮೆ ಒಂದೇ. ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆ. ಆ ಬೇರೆ ಅಕ್ಷರ ಮೊದಲನೇ ಬುಟ್ಟಿಯಲ್ಲಿ ಹೆಚ್ಚು ಸಲ ಕಂಡು ಎರಡನೇದರಲ್ಲಿ ಕಡಿಮೆ ಕಂಡರೆ, ಆ ಜಾಗಕ್ಕೂ ಕಾಯಿಲೆಗೂ ಏನೋ ನಂಟಿದೆ ಅಂತ ಗುರುತು ಹಾಕ್ತೀವಿ. ಅಂಥ ಜಾಗಗಳು ನೂರಾರು. ಒಂದೊಂದು ಸ್ವಲ್ಪ ಸ್ವಲ್ಪ ತಳ್ಳುತ್ತೆ, ಅಷ್ಟೇ.”

ನಾನು ಕೈ ಎತ್ತಿದೆ. “ಅಜ್ಜಿಯಿಂದ ಮೊಮ್ಮಗಳಿಗೆ ಎಷ್ಟು ಹೋಗತೈತ್ರಿ ಮೇಡಂ?”

“ಸುಮಾರು ನಾಲ್ಕರಲ್ಲಿ ಒಂದು ಪಾಲು. ಯಾವ ಪಾಲು ಅಂತ ಹೊರಗಿನಿಂದ ಗೊತ್ತಾಗಲ್ಲ. ಮುಖ ಹೋಲುತ್ತೆ ಅಂದ ಮಾತ್ರಕ್ಕೆ ಕಾಯಿಲೆನೂ ಬರುತ್ತೆ ಅಂತ ಅಲ್ಲ.”

ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ಯಾವ ಪಾಲು ಎಂಬುದೇ ಗೊತ್ತಾಗದಿದ್ದರೆ ಆ ಮಾತು ಕಟ್ಟಿಕೊಂಡು ನನಗೇನಾಗಬೇಕು? ಕೊನೆಗೆ ಮೇಡಂ ಒಂದು ಎಚ್ಚರಿಕೆ ಕೊಟ್ಟರು. ಇಡೀ ಕೆಲಸ ನಿಂತಿರುವುದು ಬುಟ್ಟಿ ಸರಿಯಾಗಿರುವುದರ ಮೇಲೆ. ಆರೋಗ್ಯವಂತರನ್ನು ರೋಗಿಗಳ ಬುಟ್ಟಿಗೆ ಹಾಕಿದರೆ, ಏನೂ ತಪ್ಪು ಮಾಡದ ಅಕ್ಷರಗಳ ಮೇಲೆ ಅಪವಾದ ಬರುತ್ತದೆ. ಆದ್ದರಿಂದ ಸಕ್ಕರೆ ನೋಡಲು ಖಾಲಿ ಹೊಟ್ಟೆಯ ರಕ್ತವೇ ಬೇಕು, ಹತ್ತು ತಾಸು ಏನೂ ತಿಂದಿರಬಾರದು ಎಂದರು.

ಹೇಳುವುದು ಸುಲಭ. ಹಡಗಲಿ ಕಡೆ ಮಲ್ಲಿಗೆ ತೋಟದ ಹೆಂಗಸರು ಮೊಗ್ಗು ಬಿಡಿಸಲು ಬೆಳಕು ಹರಿಯುವ ಮುಂಚೆಯೇ ಹೋಗುತ್ತಾರೆ. ಅಲ್ಲಿ ತೋಟದ ಬದುವಿನ ಮೇಲೇ ಕುರ್ಚಿ ಹಾಕಿಕೊಂಡು ಅವರು ಚಹಾ ಕುಡಿಯುವ ಮೊದಲೇ ಹಿಡಿದುಬಿಡುತ್ತಿದ್ದೆ. ನಮ್ಮ ಕೊಟ್ಟೂರಿನವರದು ಹಾಗಲ್ಲ. ಏಳಕ್ಕೆ ಬನ್ನಿ ಎಂದರೆ ಆರಕ್ಕೇ ಮಂಡಕ್ಕಿ ಮಿರ್ಚಿ ತಿಂದು, ಬಾಯಿ ಒರೆಸಿಕೊಂಡು ಬಂದು, “ಒಂದೀಟ ತಿಂದೀನ್ರಿ, ನಡಿತೈತೇಳ್ರಿ” ಎನ್ನುವವರು. ಎರಡು ಕ್ಯಾಂಪು ಹಾಗೆಯೇ ಹಾಳಾದವು. ಆಗ ನನಗೊಂದು ಉಪಾಯ ಹೊಳೆಯಿತು. ಶ್ರಾವಣ ಸೋಮವಾರ ನಮ್ಮ ಓಣಿಯಲ್ಲಿ ಮನೆಮನೆಗೂ ಉಪವಾಸ. ಸಂಜೆಯ ಪೂಜೆ ಮುಗಿಯುವ ತನಕ ಒಲೆ ಹೊತ್ತುವುದಿಲ್ಲ. ಅವತ್ತೇ ಕ್ಯಾಂಪ್ ಇಟ್ಟರೆ ಯಾರಿಗೂ ಏನೂ ಹೇಳುವುದೇ ಬೇಡ. ಮೇಡಂ ಫೋನಿನಲ್ಲಿ, “ಚೆನ್ನಾಗಿ ತಲೆ ಓಡಿಸಿದ್ದೀರಿ” ಎಂದು ಹೊಗಳಿದರು. ನಾನು ಉಬ್ಬಿಹೋದೆ.

ಆ ಸೋಮವಾರ ಬೆಳಿಗ್ಗೆ ಏಳಕ್ಕೆ ಸಮುದಾಯ ಭವನ ತುಂಬಿತು. ಆರೋಗ್ಯವಂತರ ಬುಟ್ಟಿಗೆ ಎಳೆಯ ವಯಸ್ಸಿನವರು ಕಡಿಮೆ ಬಿದ್ದಿದ್ದರು. ಹರಪನಹಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದ ನನ್ನ ಮಗಳು, ಹತ್ತೊಂಬತ್ತು ತುಂಬಿತ್ತು, ತಾನೇ ಮುಂದೆ ಬಂದು ತೋಳು ಚಾಚಿದಳು. ಬೇಡ ಎನ್ನಬೇಕೆನ್ನಿಸಿತು. ಊರಿನವರ ಮಕ್ಕಳನ್ನೆಲ್ಲ ಕರೆದು ಕೂರಿಸಿ, ನನ್ನ ಮಗಳು ಮಾತ್ರ ಬೇಡ ಎಂದರೆ ಹೇಗೆ? ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಎಲ್ಲರಿಗೂ ಕೇಳಿದ ಪ್ರಶ್ನೆಯನ್ನೇ ಫಾರಂ ನೋಡಿಕೊಂಡು ಅವಳಿಗೂ ಕೇಳಿದೆ: ನಿನ್ನೆ ರಾತ್ರಿ ಊಟವಾದ ಮೇಲೆ ಏನಾದರೂ ತಿಂದದ್ದುಂಟೇ? ಹಿಂದೆ ಕೂತಿದ್ದ ಪಕ್ಕದ ಮನೆಯ ದೊಡ್ಡವ್ವ ಸಿಡುಕಿದಳು.

“ಅದೇನ್ ಕೇಳ್ತಿ ತಂಗಿ, ಶ್ರಾವಣ ಸೋಮವಾರ ಯಾರರ ಏನರ ತಿಂತಾರೇನು? ಬರ್ಕೋ ಸುಮ್ನ.”

ಬರೆದುಕೊಂಡೆ. ಟ್ಯೂಬಿನ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಮಗಳ ಸಂಖ್ಯೆ ಬೇಡವೆಂದರೂ ನನ್ನ ತಲೆಯಲ್ಲಿ ಉಳಿಯಿತು.

ಮೂರು ವಾರದ ಮೇಲೆ ಸಕ್ಕರೆಯ ವರದಿಗಳು ಬಂದವು. ಅವನ್ನು ಮನೆಮನೆಗೆ ಮುಟ್ಟಿಸುವುದೂ ನನ್ನದೇ ಕೆಲಸ. ಕವರನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಒಂದೊಂದೇ ಹಾಳೆ ತಿರುವಿದೆ. ಖಾಲಿ ಹೊಟ್ಟೆಯಲ್ಲಿ ನೂರರೊಳಗೆ ಇರಬೇಕು. ನೂರಿಪ್ಪತ್ತಾರು ಮುಟ್ಟಿದರೆ ಕಾಯಿಲೆ ಎಂದೇ ಲೆಕ್ಕ. ಹಾಳೆ ತಿರುವಿದಂತೆಲ್ಲ ನೂರಮೂವತ್ತು, ನೂರನಲವತ್ತು ಬರತೊಡಗಿದವು. ಆಮೇಲೆ ಮಗಳ ಸಂಖ್ಯೆ ಬಂತು. ನೂರನಲವತ್ತೊಂದು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕುಕ್ಕರು ಎಷ್ಟು ಸೀಟಿ ಹಾಕಿತೋ ಗೊತ್ತಿಲ್ಲ, ಬೇಳೆ ತಳ ಹತ್ತಿದ ಕಮರು ವಾಸನೆ ಮೂಗಿಗೆ ಬಡಿದಾಗ ಎದ್ದೆ.

ಸಂಜೆ ಕಾಲೇಜಿನಿಂದ ಬಂದ ಮಗಳು ಬ್ಯಾಗು ಇಳಿಸುತ್ತ ಕೇಳಿದಳು. “ನಂದೇನಾತಮ್ಮ ರಿಪೋರ್ಟು?”

“ನಾರ್ಮಲ್ ಐತಿ,” ಎಂದೆ.

ವರದಿ ಮುಚ್ಚಿಡಬೇಡಿ, ಆಸ್ಪತ್ರೆಗೆ ಹೋಗಿ ಎಂದು ಊರೂರಿಗೆ ಬುದ್ಧಿ ಹೇಳಿಕೊಂಡು ತಿರುಗಿದವಳು ನಾನು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದೆ. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೋಳದ ಡಬ್ಬದ ತಳಕ್ಕೆ ಇಳಿಸಿದೆ. ಗಂಡನಿಗೂ ಹೇಳಲಿಲ್ಲ. ಅವರು ಹಗಲೆಲ್ಲ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಇರುವವರು, ಮನೆಯಲ್ಲಿ ಯಾರು ಯಾಕೆ ಮಂಕಾಗಿದ್ದಾರೆ ಎಂದು ಗಮನಿಸುವವರಲ್ಲ. ಬೆರಳಿಗೆ ಚುಚ್ಚಿ ನೋಡುವ ಯಂತ್ರ ನನ್ನ ಬ್ಯಾಗಿನಲ್ಲೇ ಇತ್ತು. ಒಂದು ನಿಮಿಷದ ಕೆಲಸ. ಚುಚ್ಚಲು ಅವಳಿಗೆ ಕಾರಣ ಹೇಳಬೇಕಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡನೇ ಸಲವೂ ಅದೇ ಬಂದರೆ? ಅವಳ ಕಾಲೇಜಿನ ಪರೀಕ್ಷೆ ಮುಗಿಯಲಿ, ಆಮೇಲೆ ದಾವಣಗೆರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ನನಗೆ ನಾನೇ ವಾಯಿದೆ ಹಾಕಿಕೊಂಡೆ.

ಅವತ್ತಿನಿಂದ ಮಗಳಿಗೆ ಕಾವಲು ಕೂತೆ. ಅವಳ ಚಹಾದ ಸಕ್ಕರೆ ಗೊತ್ತಾಗದಂತೆ ಕಡಿಮೆಯಾಯಿತು. ಮನೆಗೆ ಬಾಳೆಹಣ್ಣು ಬರುವುದು ನಿಂತಿತು. ಗಣೇಶನ ಹಬ್ಬಕ್ಕೆ ಒಂದು ಕಡುಬು, ದೀಪಾವಳಿಗೆ ಅರ್ಧ ಹೋಳಿಗೆ ಹಾಕಿ ತಟ್ಟೆ ಎತ್ತಿಬಿಟ್ಟೆ. ನೀರಿಗೆ ಎಷ್ಟು ಸಲ ಎದ್ದಳು, ಬಚ್ಚಲಿಗೆ ಎಷ್ಟು ಸಲ ಹೋದಳು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಒಂದು ದಿನ ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಬಿಸಿನೀರು, ಡೆಟಾಲು, ಮುಲಾಮು ಎಂದು ಅದೊಂದು ಬೊಬ್ಬೆಗೆ ದಿನಕ್ಕೆ ಮೂರು ಸಲ ಪಟ್ಟಿ ಕಟ್ಟಿದೆ. ಅವಳು ಮೊದಲು ನಕ್ಕಳು, ಆಮೇಲೆ ನಾನು ಬಿಚ್ಚಿದ ಪಟ್ಟಿಯನ್ನು ಮೂಸಿ ನೋಡುವುದು ಕಂಡು ನಗು ನಿಲ್ಲಿಸಿದಳು.

“ಒಂದು ಬೊಬ್ಬಿಗೆ ಇಷ್ಟ್ಯಾಕ ಅಂಜತಿ ಅಮ್ಮ?”

ನಾನು ಅವಳ ಮೇಲೆ ರೇಗಿದೆ. ಹೆದರಿದಾಗ ರೇಗುವುದು ನನ್ನ ಹುಟ್ಟುಗುಣ.

ಉಳಿದವರ ವರದಿ ಮುಟ್ಟಿಸಿದ ಮೇಲೆ ಓಣಿಯ ನೆಮ್ಮದಿಯೂ ಕೆಟ್ಟಿತ್ತು, ಆಸ್ಪತ್ರೆಗೆ ಹೋಗಿ ಎಂದರೂ ಎಲ್ಲರೂ ಮನೆಮದ್ದು ಹಿಡಿದರು. ಪಕ್ಕದ ಮನೆಯ ದೊಡ್ಡವ್ವ ದಿನಾ ಬೆಳಿಗ್ಗೆ ಹಾಗಲಕಾಯಿ ರಸ ಕುಡಿದು, ಮುಖ ಹಿಂಡಿಕೊಂಡು, ಬಂದು ನಮ್ಮ ಬಾಗಿಲ ಮುಂದೆಯೇ ಉಗುಳುತ್ತಿದ್ದಳು, ಎಲ್ಲ ನನ್ನಿಂದಲೇ ಆದದ್ದು ಎನ್ನುವಂತೆ. ಮಾತು ಹರಪನಹಳ್ಳಿ ಕಡೆಯ ಅರಸೀಕೆರೆಯ ಬೀಗರ ತನಕ ಹೋಯಿತು. “ಆ ಓಣ್ಯಾರ ರಕ್ತದಾಗ ಶುಗರ್ ಐತಂತ, ಹೆಣ್ಣು ತರೋದಾದ್ರ ವಿಚಾರ ಮಾಡ್ರಿ” ಎಂದು ಅಲ್ಲಿ ಯಾರೋ ಅಂದದ್ದು ಮೂರನೇ ದಿನಕ್ಕೆ ನನ್ನ ಕಿವಿಗೆ ಬಿತ್ತು. ಅದೇ ವಾರ ಮೇಡಂ ಫೋನ್ ಮಾಡಿದರು.

“ಹಡಗಲಿ ಗುಂಪಿಗೂ ನಿಮ್ಮ ಓಣಿ ಗುಂಪಿಗೂ ಭಾರೀ ವ್ಯತ್ಯಾಸ ಬರ್ತಿದೆ. ನೀವೆಲ್ಲ ತಲೆಮಾರುಗಳಿಂದ ಒಳಗೊಳಗೇ ಮದುವೆ ಆದವರು. ಬೇರೆ ಕಡೆ ಸಿಗದ ಯಾವುದೋ ಅಕ್ಷರ ಇಲ್ಲಿ ಸಿಗಬಹುದು, ನೋಡೋಣ.”

ಅವರ ದನಿಯಲ್ಲಿ ಉತ್ಸಾಹವಿತ್ತು. ಹಾಗಾದರೆ ಇದು ಅವ್ವ ಒಬ್ಬಳದಲ್ಲ, ಅವಳ ಅವ್ವನದು, ಅವಳ ಸೋದರಮಾವನದು, ನಾವು ಹೆಣ್ಣು ಕೊಟ್ಟು ತಂದ ಮನೆಗಳಲ್ಲೆಲ್ಲ ಇದ್ದದ್ದು. ಮಗಳು ತಪ್ಪಿಸಿಕೊಳ್ಳುವುದು ಎಲ್ಲಿಗೆ? ಅವಳು ಓದುತ್ತ ಕೂತಾಗ ಬೆಳಕಿನಲ್ಲಿ ಅವಳ ಕೈ ನೋಡುತ್ತಿದ್ದೆ. ಅವ್ವನ ಕೈಯೇ ಪುಸ್ತಕದ ಹಾಳೆ ತಿರುವಿದಂತೆ ಕಾಣುತ್ತಿತ್ತು.

ಶ್ರಾವಣದಂತೆ ಕಾರ್ತಿಕದ ಸೋಮವಾರಗಳಿಗೂ ನಮ್ಮಲ್ಲಿ ಉಪವಾಸ. ಎರಡನೇ ಸೋಮವಾರ ಬೆಳಿಗ್ಗೆ ಮಗಳು ಓಣಿಯ ಈಶ್ವರನ ಗುಡಿಯಿಂದ ತಂಬಿಗೆ ತುಂಬ ಪಂಚಾಮೃತ ತಂದಳು. ನಮ್ಮಲ್ಲಿ ಅದು ಅಂಗೈಗೆ ಒಂದು ಚಮಚ ಹಾಕಿಸಿಕೊಳ್ಳುವ ತೀರ್ಥವಲ್ಲ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಮೇಲೆ ಕಿವುಚಿದ ಬಾಳೆಹಣ್ಣು. ಸಂಜೆ ತನಕ ಉಪವಾಸ ಇರುವವರು ಪಾಪ ಎಂದು ಪೂಜಾರಿ ತಂಬಿಗೆ ಭರ್ತಿ ಹಾಕಿ ಕಳಿಸುತ್ತಾನೆ. ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಲೋಟ ಕುಡಿಯುತ್ತೇವೆ. ಅವಳು ಲೋಟ ತುಟಿಗಿಟ್ಟಳು. ನಾನು ಓಡಿ ಬಂದು ಮಣಿಕಟ್ಟು ಹಿಡಿದೆ. ಅರ್ಧ ನೆಲಕ್ಕೆ ಚೆಲ್ಲಿತು.

“ಬ್ಯಾಡ. ಇಡು ಅದನ್ನ.”

“ಪ್ರಸಾದ ಅಮ್ಮ ಇದು.”

“ಏನರ ಆಗ್ಲಿ. ಸಕ್ರಿ ಐತಿ ಅದ್ರಾಗ.”

ಅವಳು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. “ಮೂರು ತಿಂಗ್ಳಿಂದ ನೋಡಾಕತ್ತೀನಿ. ಹೋಳ್ಗಿ ಬ್ಯಾಡ, ಹಣ್ಣು ಬ್ಯಾಡ, ಈಗ ದೇವ್ರ ಪ್ರಸಾದನೂ ಬ್ಯಾಡ. ನಂಗೇನಾಗೇತಿ, ಹೇಳಿಬಿಡು.”

ಇನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಡಬ್ಬಕ್ಕೆ ಕೈ ಹಾಕಿ ಹಾಳೆ ತೆಗೆದು ಕೊಟ್ಟೆ. ಅವಳು ಜೋಳದ ಧೂಳು ಕೊಡವಿ ಓದಿದಳು. ಮತ್ತೊಮ್ಮೆ ಓದಿ ತಾರೀಖಿನ ಮೇಲೆ ಬೆರಳಿಟ್ಟಳು.

“ಇದು ಆ ಶ್ರಾವಣ ಸೋಮವಾರದ್ದಲ್ಲೇನು? ಅವತ್ತು ನಾನು ಪಂಚಾಮೃತ ಕುಡದೇ ಬಂದಿದ್ನಲ್ಲ. ಓಣ್ಯಾಗ ಎಲ್ರೂ ಕುಡದೇ ಬಂದಿದ್ರು. ನೀನೂ ಕುಡದಿದ್ದಿ.”

ಕುಡಿದಿದ್ದೆ. ಕ್ಯಾಂಪಿಗೆ ಹೊರಡುವ ಮುಂಚೆ ನಿಂತಲ್ಲೇ ಒಂದು ಲೋಟ ಕುಡಿದು, ಸೆರಗಿಗೆ ಬಾಯಿ ಒರೆಸಿಕೊಂಡು ಹೋಗಿ, ಏನಾದರೂ ತಿಂದಿರೇನ್ರಿ ಎಂದು ಊರಿನವರನ್ನು ಕೇಳಿದ್ದೆ. ಯಾರೂ ಸುಳ್ಳು ಹೇಳಿರಲಿಲ್ಲ. ಪ್ರಸಾದವನ್ನು ತಿಂದ ಲೆಕ್ಕಕ್ಕೆ ಹಿಡಿಯುವವರು ನಮ್ಮ ಓಣಿಯಲ್ಲಿ ಹುಟ್ಟಿಲ್ಲ. ಹೊರಗಿನವಳು ಯಾರಾದರೂ ಆಗಿದ್ದರೆ, ಗುಡಿಯಿಂದ ಬರುವವರ ಕೈಯಲ್ಲಿದ್ದ ತಂಬಿಗೆ ನೋಡಿ ಇದೇನು ಎಂದು ಕೇಳಿರುತ್ತಿದ್ದಳು. ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ.

ಮೇಡಂಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. “ಪಂಚಾಮೃತ ಕುಡಿದ್ರೆ ರಕ್ತದೊಳಗಿನ ಅಕ್ಷರ ಬದಲಾಗಲ್ಲ,” ಎಂದರು ಅವರು. “ಹಾಳಾಗಿದ್ದು ಬುಟ್ಟಿ. ಎಲ್ಲರನ್ನೂ ಮತ್ತೆ ಕರೀರಿ. ಮೂರು ತಿಂಗಳ ಸಕ್ಕರೆ ತೋರಿಸೋ ಟೆಸ್ಟ್ ಮಾಡಿಸೋಣ, ಅದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ.” ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮನೆಮನೆಗೆ ಹೋಗಿ ತಪ್ಪಾಯಿತು ಎಂದೆ. ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟು, “ಹಂಗಾದ್ರ ಇಷ್ಟು ದಿನ ಆ ಹಾಳು ರಸ ಕುಡಿಸಿದಾಕಿ ನೀನು” ಎಂದಳು. ಆದರೂ ಬಂದಳು. ಅವಳಿಗೆ ನಿರಾಳವಾಗಿತ್ತು, ನನಗಲ್ಲ. ಅವತ್ತು ಪಂಚಾಮೃತ ಕುಡಿದಿದ್ದಳು ಎಂದ ಮಾತ್ರಕ್ಕೆ ನನ್ನ ಮಗಳಿಗೆ ಕಾಯಿಲೆ ಇಲ್ಲ ಎಂದೇನೂ ಆಗುವುದಿಲ್ಲವಲ್ಲ. ಇಲ್ಲದಿರಬಹುದು ಎಂಬ ಆಸೆ ಒಂದು ಹುಟ್ಟಿಕೊಂಡದ್ದರಿಂದ ಹೆದರಿಕೆ ಇನ್ನೂ ಹೆಚ್ಚಾಯಿತು.

ಎರಡನೇ ಕ್ಯಾಂಪಿನಲ್ಲಿ ಮಗಳು ಕುರ್ಚಿಯಲ್ಲಿ ಕೂತು, ತೋಳು ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡಳು.

“ಮೊದ್ಲು ನೀ ಕೊಡು.”

“ನಾನು ಕೆಲ್ಸದಾಕಿ. ನಂದು ತಗಳಂಗಿಲ್ಲ.”

“ಅವರ ಬುಟ್ಟಿಗೆ ಹಾಕಬ್ಯಾಡ. ನಮಗ ಗೊತ್ತಾಗಾಕ ಕೊಡು. ಅಜ್ಜಿ ನಿನ್ನ ಹಡದಾಕಿ. ನನಕಿಂತ ಮೊದ್ಲು ನಿಂದು ನೋಡ್ಬೇಕಲ್ಲ.”

ಇಷ್ಟು ವರ್ಷ ಹೊಳೆಯದ ಮಾತು. ಸಾವಿರಾರು ತೋಳಿಗೆ ಸೂಜಿ ಹಾಕಿದವಳು ನನ್ನ ತೋಳನ್ನು ಒಮ್ಮೆಯೂ ಕೊಟ್ಟಿರಲಿಲ್ಲ. ಹೊಳೆಯಲಿಲ್ಲ ಎಂದರೂ ಸುಳ್ಳೇ, ಹೊಳೆಯಗೊಟ್ಟಿರಲಿಲ್ಲ. ಹಡಗಲಿಯಿಂದ ಬಂದಿದ್ದ ನನ್ನ ಜೊತೆಗಾತಿ ಎರಡು ಸಲ ಚುಚ್ಚಿದ ಮೇಲೆ ನರ ಸಿಕ್ಕಿತು.

ಈ ಸಲ ಕವರು ಒಡೆದವಳು ಮಗಳು. ಓಣಿಯವರದು ಬಹುಪಾಲು ಸರಿಯಿತ್ತು. “ನಂದು ನಾರ್ಮಲ್,” ಎಂದು ತನ್ನ ಹಾಳೆ ತೋರಿಸಿದಳು. ಇನ್ನೊಂದು ಹಾಳೆಯನ್ನು ಓದಿ ನನ್ನ ಕೈಗೆ ಕೊಟ್ಟಳು. ಈ ಟೆಸ್ಟಿನ ಲೆಕ್ಕದಲ್ಲಿ ಆರೂವರೆ ಮುಟ್ಟಬಾರದ್ದು ನನಗೆ ಎಂಟರ ಹತ್ತಿರ ಇತ್ತು.

ಯಾರು ಏನಾದರೂ ಅಂದುಕೊಳ್ಳಲಿ, ನನಗಾದದ್ದು ಸಂತೋಷ. ನನ್ನದು, ಅವಳದಲ್ಲ. ಅವಳನ್ನು ಅಪ್ಪಿಕೊಂಡು ಅತ್ತೆ. ಅವಳು ನನಗಾಗಿ ಅಳುತ್ತಿದ್ದಳು, ನಾನು ಅವಳಿಗಾಗಿ. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಆ ಸಂತೋಷ ಹೋಯಿತು. ಅಜ್ಜಿಯದಾದರೆ ನಾಲ್ಕರಲ್ಲಿ ಒಂದು ಪಾಲು. ನನ್ನದು ಎರಡರಲ್ಲಿ ಒಂದು. ಅವ್ವನ ಮೇಲೆ ಹೊರಿಸಿಕೊಂಡು ಬಂದದ್ದನ್ನೆಲ್ಲ ಮಗಳಿಗೆ ಕೊಟ್ಟವಳು ನಾನೇ ಆಗಿದ್ದೆ. “ಇದು ಭವಿಷ್ಯ ಅಲ್ಲ, ವರ್ಷಕ್ಕೊಂದು ಸಲ ನೋಡಿಸ್ಕೊಳ್ಳಲಿ, ಅಷ್ಟೇ” ಎಂದರು ಮೇಡಂ. ಅವರಿಗೆ ಅದು ಅಷ್ಟೇ ಇರಬಹುದು.

ಯೋಜನೆ ಮುಗಿಯಿತು. ನಾನು ಮಾತ್ರೆ ನುಂಗುತ್ತೇನೆ, ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಮಗಳು ಹರಪನಹಳ್ಳಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೊದಲ ವರ್ಷ ಅವಳ ರಕ್ತ ನಾನೇ ತೆಗೆದೆ, ವರದಿ ನಾನೇ ನೋಡಿದೆ. ಈ ವರ್ಷ ಅಲ್ಲಿಯೇ ಒಬ್ಬಳೇ ಮಾಡಿಸಿಕೊಂಡಳಂತೆ. ಭಾನುವಾರ ಮನೆಗೆ ಬಂದಾಗ ನಾನು ಪೂರ್ತಿ ಕೇಳುವ ಮೊದಲೇ, “ಎಲ್ಲಾ ಚೆನ್ನಾಗೈತಮ್ಮ, ನೀ ಚಿಂತಿ ಮಾಡಬ್ಯಾಡ” ಎಂದಳು. ಹಾಳೆ ಎಲ್ಲಿ ಎಂದೆ. ರೂಮಿನಲ್ಲೇ ಮರೆತು ಬಂದಳಂತೆ.

ಮಧ್ಯಾಹ್ನ ಊಟಕ್ಕೆ ಕೂತೆವು. ಅವಳಿಗೆ ಇಷ್ಟ ಎಂದು ಅನ್ನ, ಕಟ್ಟಿನ ಸಾರು ಮಾಡಿದ್ದೆ. ತಟ್ಟೆಗೆ ಬಡಿಸಲು ಹೋದಾಗ ಅವಳು ಕೈ ಅಡ್ಡ ಹಿಡಿದಳು.

“ಅನ್ನ ಬ್ಯಾಡಮ್ಮ. ರೊಟ್ಟಿನೇ ಸಾಕು.”

ಎತ್ತಿದ ಅನ್ನವನ್ನು ಪಾತ್ರೆಗೆ ಮರಳಿ ಹಾಕಿ, ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಇಟ್ಟೆ.